ರವಿಕೆಯೊಳಗಿನ ಕ್ಯಾನ್ವಾಸು

ನಾನು ನಿಂತಿದ್ದದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಕಡೆಯಿಂದ ಬಸ್ ನಿಲ್ದಾಣಕ್ಕೆ ಬರುವ ರಸ್ತೆಯ ಎಡಬದಿಯಲ್ಲಿ, ಹೆಂಗಸರ ಬಟ್ಟೆ ಹೊಲಿಯುವ ಒಂದು ಅಂಗಡಿಯ ಹೊಸ್ತಿಲಿನಿಂದ ಒಂದು ಹೆಜ್ಜೆ ಹೊರಗೆ. ಎರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ಮೇಲಿನ ಮೊದಲ ಸೋಮವಾರ, ಬೆಳಗಿನ ಹನ್ನೊಂದು ಗಂಟೆಯ ಸುಮಾರು. ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ಚೀಲದಲ್ಲಿ ನನ್ನ ತಂಗಿ ವನಜಳ ಹಳೆಯ ರವಿಕೆಯೊಂದು, ಅದರ ಅಳತೆಗೆ ಹೊಲಿಯಬೇಕಾದ ಹೊಸ ರವಿಕೆಯ ಕಣವೊಂದು. ಇಷ್ಟನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಬಾಗಿಲಿನ ಹೊರಗೆ ಕೂತು ಕಿವಿಯಿಂದ ಊಹಿಸಿದ್ದೆಷ್ಟು ಎಂಬುದು ನಿಮಗೆ ಬೇರೆ ಬೇರೆಯಾಗಿ ತಿಳಿಯಬೇಕು. ವನಜ ಈಗ ಇಲ್ಲ. ನಾನು ತಪ್ಪು ಹೇಳಿದರೆ ತಿದ್ದುವುದಕ್ಕೆ ಅವಳು ಬರುವುದಿಲ್ಲ.

ಅಂಗಡಿಯೊಳಗೆ ಟೈಲರ್ ಮುಬೀನಾ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಳು. ಯಾರದೋ ರವಿಕೆಯ ಕತ್ತಿನ ಭಾಗದ ರೇಷ್ಮೆಯನ್ನು ಮಗುಚಿ ಹಾಕಿ, ಅದರ ಮೇಲೆ ಚಂದ್ರನ ಆಕಾರಕ್ಕೆ ಕತ್ತರಿಸಿದ ಬಿಳಿಯ ದಪ್ಪ ಬಟ್ಟೆಯ ತುಂಡೊಂದನ್ನು ಇಟ್ಟು ನಿಧಾನವಾಗಿ ಒತ್ತುತ್ತಿದ್ದಳು. ಕ್ಯಾನ್ವಾಸು. ಅದರ ಮೇಲೆ ಅಸ್ತರು ಬಂತು, ಅಂಚಿಗೆ ಹೊಲಿಗೆ ಬಿತ್ತು, ಬಟ್ಟೆಯನ್ನು ತಿರುವಿದ್ದೇ ತಡ ಕ್ಯಾನ್ವಾಸು ಮಾಯವಾಯಿತು. ಉಳಿದದ್ದು ಕುಗ್ಗದೆ, ಸುಕ್ಕಾಗದೆ, ಹೇಳಿದ ಮಾತಿಗೆ ತಪ್ಪದೆ ನಿಂತ ಕತ್ತಿನ ಗೆರೆಯೊಂದೇ. ಇಷ್ಟು ವರ್ಷ ಬಟ್ಟೆ ತೊಟ್ಟುಕೊಂಡೇ ಬದುಕಿದವನಾದರೂ, ಎರಡು ಬಟ್ಟೆಯ ನಡುವೆ ಮೂರನೆಯದೊಂದು ಇರುತ್ತದೆಂಬುದನ್ನು ನಾನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಆಡಬೇಕಾದ ಮಾತೊಂದು ಬಾಯಿಗೆ ಬಾರದಿದ್ದಾಗ ಕಣ್ಣು ಇಂಥ ಸಣ್ಣಪುಟ್ಟದ್ದನ್ನೆಲ್ಲ ಬಹಳ ಶ್ರದ್ಧೆಯಿಂದ ನೋಡುತ್ತದೆ.

ಮೇಲುಬಟ್ಟೆ ಇರುವುದು ಲೋಕದ ಕಣ್ಣಿಗೆ. ಅಸ್ತರು ಇರುವುದು ಮೈಯ ಸುಖಕ್ಕೆ. ಇವೆರಡರ ನಡುವೆ ಕೂತ ಕ್ಯಾನ್ವಾಸನ್ನು ಲೋಕವೂ ನೋಡುವುದಿಲ್ಲ, ಮೈಯೂ ಮುಟ್ಟುವುದಿಲ್ಲ. ಅದರ ಬಣ್ಣ ಯಾವುದೆಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ; ಅದು ಚೆನ್ನಾಗಿದೆಯೆಂದು ಮದುವೆಮನೆಯಲ್ಲಿ ಯಾರೂ ಹೊಗಳುವುದಿಲ್ಲ. ಕೆಟ್ಟಾಗ ಮಾತ್ರ ಅದರ ಹೆಸರು ಕೇಳಿಬರುತ್ತದೆ: ಮೊದಲ ಒಗೆತಕ್ಕೇ ಕಾಲರು ಗುಳ್ಳೆ ಎದ್ದರೆ, ಪ್ಯಾಂಟಿನ ಸೊಂಟಪಟ್ಟಿ ಹೊರಳಿಕೊಂಡರೆ.

ಮಂಚೇನಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದ ನಮ್ಮ ತಂದೆಯವರ ಅಂಗಿಗಳ ಕಾಲರು ಸವೆದಾಗ ಅದನ್ನು ಬಿಚ್ಚಿ, ತಿರುವಿ, ಮತ್ತೆ ಹೊಲಿಸುವ ಪದ್ಧತಿಯಿತ್ತು. ಹೊಲಿಗೆ ಬಿಚ್ಚುವ ಕೆಲಸ ನನಗೂ ವನಜಳಿಗೂ ಸೇರಿದ್ದು. ಜಗುಲಿಯಲ್ಲಿ ಕೂತು ಬ್ಲೇಡಿನ ತುಂಡಿನಿಂದ ಬಿಚ್ಚುತ್ತಾ ಹೋದರೆ ಒಳಗಿನಿಂದ ಕ್ಯಾನ್ವಾಸು ಹೊರಬರುತ್ತಿತ್ತು. ಅಂಗಿಯ ನೀಲಿ ಬೂದಿಯ ಬಣ್ಣಕ್ಕೆ ಇಳಿದಿದ್ದರೂ ಅದು ಮಾತ್ರ ಅಂಗಡಿಯಿಂದ ಆಗಲೇ ತಂದಂತೆ ಬೆಳ್ಳಗಿರುತ್ತಿತ್ತು. ಪಾಪ, ಇದಕ್ಕೆ ಬಿಸಿಲೇ ಬಿದ್ದಿಲ್ಲ ಎಂದು ವನಜ ಅದನ್ನು ಸ್ವಲ್ಪ ಹೊತ್ತು ಜಗುಲಿಯ ಅಂಚಿನ ಬಿಸಿಲಿಗೆ ಇಡುತ್ತಿದ್ದಳು. ತಂದೆಯವರು ಬಂದು, ಅದೇನು ಹಪ್ಪಳವೇ ಎಂದು ಬಯ್ಯುವವರೆಗೂ.

ನನ್ನ ವಿಷಯಕ್ಕೆ ಬಂದರೆ, ಗೌರಿಬಿದನೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಹೆಚ್ಚುಕಡಿಮೆ ಗುಮಾಸ್ತನಾಗಿಯೇ ನಿವೃತ್ತನಾದವನು. ಅಷ್ಟು ವರ್ಷವೂ ನನ್ನ ಕತ್ತು ನೆಟ್ಟಗಿದ್ದದ್ದು ಸ್ವಭಾವದ ಬಲದಿಂದ ಎಂದು ನಂಬಿದ್ದೆ. ನಿವೃತ್ತನಾಗಿ ಬನಿಯನ್ನಿನಲ್ಲಿ ಕೂರತೊಡಗಿದ ಕೆಲವೇ ತಿಂಗಳಲ್ಲಿ ಅದು ತಾನಾಗಿ ಮುಂದಕ್ಕೆ ಬಾಗಿತು. ಅದನ್ನು ಕಂಡ ನನ್ನ ಹೆಂಡತಿ ಲಲಿತ, ಇಷ್ಟು ದಿನ ನಿಮ್ಮ ತಲೆ ಹೊತ್ತದ್ದು ಕಾಲರಿನ ಕ್ಯಾನ್ವಾಸು, ನೀವಲ್ಲ ಎಂದು ತೀರ್ಪು ಕೊಟ್ಟಳು. ಅವಳಿಗೆ ನನ್ನ ಮೇಲೆ ಬೇರೆ ಸಿಟ್ಟೂ ಇತ್ತು. ನಡುಮನೆಯ ಕಿಟಕಿಗೆ ಅವಳು ಆಸೆಯಿಂದ ಹೊಲಿಸಿದ ಪರದೆಗಳ ನೆರಿಗೆಯೊಳಗೆ ಕ್ಯಾನ್ವಾಸಿನ ಜಾತಿಯದೇ ಗಟ್ಟಿಯಾದ ಬಕ್ರಂ ಪಟ್ಟಿ ಇತ್ತು. ಮನೆಗೆಲಸದಲ್ಲಿ ಕೈಜೋಡಿಸುವ ಹೊಸ ಹುರುಪಿನಲ್ಲಿ ನಾನು ಆ ಪರದೆಗಳನ್ನು ಕುದಿಯುವ ಸೋಡಾ ನೀರಿನಲ್ಲಿ ನೆನೆಹಾಕಿದೆ. ಬಕ್ರಮ್ಮಿನ ಗಂಜಿಯೆಲ್ಲ ಕರಗಿ ಬಕೆಟ್ಟಿನಲ್ಲಿ ಉಳಿಯಿತು. ಒಣಗಿಸಿ ತೂಗುಹಾಕಿದಾಗ ಪರದೆಗಳು ಸಾಲಾಗಿ ತಲೆ ತಗ್ಗಿಸಿ ನಿಂತವು. ಪಕ್ಕದಲ್ಲಿ ನಾನೂ ನಿಂತೆ.

ಇದನ್ನೆಲ್ಲ ಹೇಳಿದರೆ ವನಜ ಬಹಳ ನಗುತ್ತಿದ್ದಳು. ಅವಳ ನಗು ಹೊಟ್ಟೆಯಿಂದ ಹೊರಟು ಭುಜ ಅಲುಗಿಸಿ ಆಮೇಲೆ ಬಾಯಿಗೆ ಬರುವಂಥದ್ದು. ಆ ವರ್ಷದ ಹಿಂದಿನ ಮಳೆಗಾಲದಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳ ಒಂದು ಸ್ತನವನ್ನು ತೆಗೆದರು. ಈ ವಾಕ್ಯವನ್ನು ಇಷ್ಟು ನೇರವಾಗಿ ಬರೆಯಲು ನನಗೆ ಎರಡು ವರ್ಷ ಹಿಡಿದಿದೆ. ಆಗ ನಮ್ಮಲ್ಲಿ ಯಾರೂ ಆ ಶಬ್ದವನ್ನು ಆಡಲಿಲ್ಲ. 'ಆಪರೇಷನ್' ಎಂದೆವು, ಕೇಳಿದವರಿಗೆ 'ಗಡ್ಡೆ' ಎಂದೆವು, ಎಲ್ಲಿಯ ಗಡ್ಡೆ ಎಂದವರಿಗೆ ಕಾಫಿ ಕೊಟ್ಟೆವು. ಒಡಹುಟ್ಟಿದ ಅಣ್ಣನಾಗಿ, ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ದಿನಗಟ್ಟಲೆ ಕೂತವನಾಗಿಯೂ, ಅದು ಎಡವೋ ಬಲವೋ ಎಂದು ನನಗೆ ಗೊತ್ತಿರಲಿಲ್ಲ. ಅವಳ ಗಂಡ ಸತ್ಯನಾರಾಯಣರನ್ನು ನಾನು ಕೇಳಲಿಲ್ಲ. ಅವಳನ್ನು ನೋಡಲು ಹೋದಾಗ ಮುಖ ನೋಡುತ್ತಿದ್ದೆ, ಇಲ್ಲವೇ ಪಾದ ನೋಡುತ್ತಿದ್ದೆ.

ಆ ಚಳಿಗಾಲದಲ್ಲಿ ಅವರ ಮಗಳು ಮೇಘನಾಳ ಮದುವೆ ನಿಶ್ಚಯವಾಯಿತು. ತಾಯಿಯ ಕಾಯಿಲೆಯ ವಿಷಯವನ್ನು ಹುಡುಗನಿಗೂ ಅವನ ತಂದೆತಾಯಿಗೂ ಮೇಘನಾ ಮೊದಲೇ ಹೇಳಿದ್ದಳು. ಅವರು ಅದನ್ನು ಮತ್ತೆ ಎತ್ತಲಿಲ್ಲ. ಆದರೆ ಉಳಿದ ನೆಂಟರಿಷ್ಟರಿಗೆ ತಿಳಿಯುವುದು ವನಜಳಿಗೆ ಬೇಡವಾಗಿತ್ತು. ಧಾರೆಯ ಹೊತ್ತಿಗೆ ಹೆಣ್ಣಿನ ತಂದೆತಾಯಿ ಜೋಡಿಯಾಗಿ ನಿಲ್ಲಬೇಕು. ತಾಯಿ ಎರಡು ಕೈಯಲ್ಲಿ ಕಲಶ ಎತ್ತಿ ನೀರೆರೆಯಬೇಕು. ಇಡೀ ಮಂಟಪ ಎದ್ದು ನಿಂತು ನೋಡುತ್ತದೆ. ಅಷ್ಟು ಆಯಾಸವೇಕೆ, ನನ್ನ ತಮ್ಮನೂ ಅವನ ಹೆಂಡತಿ ಪ್ರಭಾಳೂ ನಿಲ್ಲಲಿ ಎಂದು ಸತ್ಯನಾರಾಯಣರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ವನಜ ಒಪ್ಪಲಿಲ್ಲ. ನಾನು ತವರಿನ ಸೀರೆ ತೆಗೆಯುವ ಮಾತೆತ್ತಿದಾಗ ನನ್ನೊಬ್ಬನನ್ನೇ ಕರೆದು ಹೇಳಿದಳು.

"ನಿಂತ್ರೆ ನಾನೇ ನಿಂತ್ಕೊಳ್ಳೋದು ಕಣಣ್ಣ. ಆದ್ರೆ ಧಾರೆ ಹೊತ್ನಲ್ಲಿ ಜನ ಮಗಳ್ನ ನೋಡ್ಬೇಕು. ನನ್ನ ಎದೆ ನೋಡ್ಬಾರ್ದು. ಅದಾಗಲ್ಲ ಅಂದ್ರೆ ಪ್ರಭಾನೇ ನಿಂತ್ಕೊಳ್ಲಿ."

ಆಸ್ಪತ್ರೆಯವರು ಒಳಗೆ ಇಟ್ಟುಕೊಳ್ಳುವುದಕ್ಕೆ ಏನನ್ನೋ ಕೊಟ್ಟಿದ್ದರಂತೆ. ಅದು ಬಿಸಿಯಾಗುತ್ತದೆ, ಗಾಯದ ಗುರುತಿಗೆ ಉಜ್ಜುತ್ತದೆ, ಬಗ್ಗಿದರೆ ಜಾರುತ್ತದೆ ಎಂದು ಅವಳು ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತಿರಲಿಲ್ಲವೆಂದು ಲಲಿತಳಿಂದ ಆಮೇಲೆ ತಿಳಿಯಿತು. ಅವಳಿಗೆ ಬೇಕಾಗಿದ್ದದ್ದು ರವಿಕೆಯೇ ತನ್ನ ಆಕಾರವನ್ನು ತಾನು ಹಿಡಿದುಕೊಂಡು ನಿಲ್ಲುವುದು. ಅದು ಕ್ಯಾನ್ವಾಸಿನ ಕೆಲಸ. ಚಿಂತಾಮಣಿಯಲ್ಲಿ ಅವರ ಬೀದಿಯಲ್ಲೇ ಟೈಲರ್‌ಗಳಿದ್ದರು; ಆದರೆ ಬೀದಿಯ ಟೈಲರಿಗೆ ತಿಳಿದದ್ದು ಬೀದಿಗೆ ತಿಳಿಯದಿರುವುದು ಹೇಗೆ? ಸತ್ಯನಾರಾಯಣರಿಗೆ ಹಿಂದೆ ಶಿಡ್ಲಘಟ್ಟದಲ್ಲಿ ಕೆಲಸವಿದ್ದಾಗ ಅವಳಿಗೆ ಹೊಲಿದುಕೊಡುತ್ತಿದ್ದವಳು ಮುಬೀನಾ. ನಾನು ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬಂದು ಬಸ್ಸು ಬದಲಿಸಿ ಚಿಂತಾಮಣಿಗೆ ಹೋಗಿಬರುವಾಗ ಶಿಡ್ಲಘಟ್ಟ ದಾರಿಯಲ್ಲೇ ಸಿಕ್ಕುತ್ತದೆ. ಹೀಗಾಗಿ ಚೀಲ ನನ್ನ ಕೈಗೆ ಬಂತು.

ನಮ್ಮ ಕಡೆ ಹೆಂಗಸರು ರವಿಕೆಗೆ ಮೈಯ ಅಳತೆ ಕೊಡುವುದು ಕಡಿಮೆ. ಚೆನ್ನಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಕಳುಹಿಸುತ್ತಾರೆ. ತುಸು ಬಿಗಿ ಬೇಕಾದರೆ, ಸಡಿಲ ಬೇಕಾದರೆ, ಅಲ್ಲೊಂದು ಪಿನ್ನು ಚುಚ್ಚಿರುತ್ತಾರೆ. ಟೈಲರು ಅದನ್ನು ನೋಡಿ ಅರ್ಥಮಾಡಿಕೊಳ್ಳುತ್ತಾಳೆ. ಮಾತಿಗೆ ಬದಲಾಗಿ ಪಿನ್ನು. ವನಜ ಕೊಟ್ಟದ್ದು ಆಪರೇಷನ್ನಿಗಿಂತ ಹಿಂದಿನ, ಎರಡೂ ಕಡೆ ತುಂಬಿ ಕೂರುತ್ತಿದ್ದ ಹಸಿರು ರವಿಕೆ. ಅದರ ಒಂದು ಪಾರ್ಶ್ವಕ್ಕೆ ಸಣ್ಣ ಪಿನ್ನು ಚುಚ್ಚಿದ್ದಳು. ನೀನೇನೂ ಹೇಳಬೇಕಾಗಿಲ್ಲ, ನೋಡಿದರೆ ಮುಬೀನಾಗೆ ತಿಳಿಯುತ್ತದೆ ಎಂದು ನನ್ನನ್ನು ಪಾರುಮಾಡಿದ್ದಳು.

ಅಂಗಡಿಯ ಹೊಸ್ತಿಲಲ್ಲಿ ನಾನು ಪಾರಾಗಲಿಲ್ಲ. ಮುಬೀನಾ ಕೈ ಒರೆಸಿಕೊಂಡು ಬಂದು, ರವಿಕೆಯನ್ನು ಬಿಡಿಸಿ, ಪಿನ್ನಿನ ಮೇಲೆ ಬೆರಳಿಟ್ಟು, ಸಡಿಲ ಮಾಡುವುದಕ್ಕೋ ಬಿಗಿ ಮಾಡುವುದಕ್ಕೋ ಎಂದು ಕೇಳಿದಳು. ನಾನು ರಸ್ತೆಯ ಕಡೆ ನೋಡಿದೆ. ಗೂಡಿನ ಮೂಟೆ ಹೇರಿದ ಆಟೋ ಒಂದು ಹೋಗುತ್ತಿತ್ತು. ಅದು ಹೋಗಿ ಮರೆಯಾಗುವವರೆಗೂ ನೋಡಿದೆ. ಆಮೇಲೆ, ಅವಳಿಗೆ ಆಪರೇಷನ್ ಆಗಿದೆಯಮ್ಮ, ಒಳಗೆ ಏನಾದರೂ ಇಟ್ಟು ಮೊದಲಿನ ಹಾಗೆ ಕಾಣುವಂತೆ ಹೊಲಿಯಬೇಕಂತೆ ಎಂದೆ. ಆಕೆಯ ಬೆರಳು ಪಿನ್ನಿನ ಮೇಲೆ ನಿಂತಿತು. ಮುಖ ಒಂದು ಕ್ಷಣ ರವಿಕೆಯ ಮೇಲೆ ಬಾಗಿತು.

"ತಿಳೀತು ಬಿಡಿ ಸಾರ್" ಎಂದಳು.

ತಿಳಿಯಿತೆಂದು ಆಕೆ ಅಂದುಕೊಂಡಳು. ತಿಳಿಸಿದೆನೆಂದು ನಾನು ಅಂದುಕೊಂಡೆ. ಹಗುರಾದ ಹೆಜ್ಜೆಯಲ್ಲಿ ಬಸ್ ನಿಲ್ದಾಣಕ್ಕೆ ನಡೆದೆ. ದಾರಿಯಲ್ಲಿ ಬಾಳೆಹಣ್ಣು ಕೊಂಡದ್ದೂ ನೆನಪಿದೆ.

ಮದುವೆಯ ಹಿಂದಿನ ದಿನ ನಾನೂ ಲಲಿತಳೂ ಹೊಲಿದ ರವಿಕೆಯನ್ನು ತೆಗೆದುಕೊಂಡು ಮಧ್ಯಾಹ್ನಕ್ಕೆ ಮುಂಚೆಯೇ ಚಿಂತಾಮಣಿ ಮುಟ್ಟಿದೆವು. ಸಂಜೆ ವರಪೂಜೆಗೆ ಎಲ್ಲರೂ ಛತ್ರಕ್ಕೆ ಹೊರಡಬೇಕು. ಸೀರೆ ಅರಗಿನ ಕೆಂಪು, ರವಿಕೆಯೂ ಅದೇ ಬಣ್ಣದ್ದು. ವನಜ ಅದನ್ನು ಹಿಡಿದು ಕೋಣೆಗೆ ಹೋದಳು, ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು. ಆಪರೇಷನ್ ಆದ ಮೇಲೆ ನಾವು ಕೇಳಿರದ, ಹೊಟ್ಟೆಯಿಂದ ಬರುವ ಆ ಹಳೆಯ ನಗು. ನಡುಮನೆಯಲ್ಲಿದ್ದ ನಾವೂ ಏನೆಂದು ತಿಳಿಯದೆ ನಗತೊಡಗಿದೆವು. ಆಮೇಲೆ ಅದು ನಿಂತಿತು. ನಿಂತ ರೀತಿಗೆ ಸತ್ಯನಾರಾಯಣರು ಕುರ್ಚಿಯಿಂದ ಎದ್ದರು.

ಅವಳು ಕರೆದದ್ದು ನನ್ನನ್ನು. ಒಳಗೆ ಹೋದಾಗ ಮನೆಯ ಸೀರೆಯ ಸೆರಗನ್ನು ಶಾಲಿನಂತೆ ಸುತ್ತಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು. ರವಿಕೆ ತೊಡೆಯ ಮೇಲಿತ್ತು. ಕಣ್ಣಿನಲ್ಲಿ ನಗುವಿನ ನೀರು ಇನ್ನೂ ಆರಿರಲಿಲ್ಲ.

"ಅಣ್ಣ, ಇರೋ ಕಡೆಗೇ ಇನ್ನೊಂದು ಇಟ್ಟವಳಲ್ಲೋ. ಇಲ್ಲದೇ ಇರೋ ಕಡೆ ಹಾಗೇ ಬಿಟ್ಟವಳೆ."

ಪಿನ್ನು ನೀನೇ ಹಾಕಿದ್ದಲ್ಲವೇನಮ್ಮ ಎಂದೆ. ಹಾಗೆ ಕೇಳಬಾರದಾಗಿತ್ತು, ಆದರೆ ಕೇಳಿದ್ದರಿಂದಲೇ ನನಗೆ ತಿಳಿದದ್ದು. ಅವಳು ರವಿಕೆಯ ಬಲಪಾರ್ಶ್ವವನ್ನು ಅಂಗೈಯಿಂದ ನೀವಿದಳು. ಅದು ಸುಮ್ಮನೆ ತಗ್ಗಿತು.

"ಈ ಕಡೆ ಚುಚ್ಚೋಕೆ ಕೈ ಬರ್ಲಿಲ್ಲಣ್ಣ. ಬರೀ ಬಟ್ಟೆ ಅಂತ ಗೊತ್ತು. ಆದ್ರೂ ಬರ್ಲಿಲ್ಲ. ಅದಕ್ಕೇ ಆ ಕಡೆ ಹಾಕ್ದೆ. ಆ ಕಡೆ ಸರಿಯಾಗಿದೆ, ಅದನ್ನ ಬಿಟ್ಬಿಡು ಅಂತ."

ಅವಳೇ ರವಿಕೆಯನ್ನು ಮಡಿಸಿದಳು, ಅಂಚಿಗೆ ಅಂಚು ಸೇರಿಸಿ. ಪ್ರಭಾಳಿಗೆ ಹೇಳಿಬಿಡು, ನಾಳೆ ಅವಳೇ ನಿಲ್ಲಲಿ ಎಂದು ಹೇಳಿ ಗೋಡೆಯ ಕಡೆ ತಿರುಗಿದಳು.

ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವ ಸತ್ಯನಾರಾಯಣರು ಗಾಬರಿಯಾದಾಗ ನನ್ನೊಡನೆಯೂ ತೆಲುಗಿಗೆ ಹೊರಳುತ್ತಾರೆ. ಈಗೇನು ಮಾಡುವುದೆಂದು ತೆಲುಗಿನಲ್ಲೇ ಗೋಡೆಯನ್ನೂ ಗಡಿಯಾರವನ್ನೂ ಕೇಳುತ್ತಾ ನಡುಮನೆಯಲ್ಲಿ ಓಡಾಡಿದರು. ನಾನು ಹೊರಗೆ ಬಂದು ಮುಬೀನಾಗೆ ಫೋನು ಮಾಡಿದೆ. ಈ ಸಲ ರಸ್ತೆಯ ಕಡೆ ನೋಡಲಿಲ್ಲ. ಯಾವ ಕಡೆ ತೆಗೆದಿದ್ದಾರೆ, ಆಕೆ ಯಾವ ಕಡೆ ಕ್ಯಾನ್ವಾಸು ಇಟ್ಟಿದ್ದಾಳೆ, ಪಿನ್ನು ಯಾಕೆ ಅಲ್ಲಿತ್ತು, ಎಲ್ಲವನ್ನೂ ಇದ್ದ ಶಬ್ದಗಳಲ್ಲೇ ಹೇಳಿದೆ. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ನಿಂತದ್ದು ಕೇಳಿಸಿತು. ನಾನೇ ರವಿಕೆ ತರುತ್ತೇನೆ ಎಂದೆ.

"ನೀವು ಬರ್ಬೇಡಿ ಸಾರ್. ಈ ಸಲ ರವಿಕೆ ನೋಡಿ ಹೊಲಿಯಲ್ಲ, ಅಕ್ಕನ್ನ ನೋಡಿ ಹೊಲೀತೀನಿ. ನಾನೇ ಬರ್ತೀನಿ."

ಆಕೆ ಬಂದಾಗ ಬಿಸಿಲು ಇನ್ನೂ ಇತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ: ಕತ್ತರಿ, ದಾರದ ಉಂಡೆಗಳು, ಒದ್ದೆಯಾದ ಟವೆಲ್ಲಿನಲ್ಲಿ ಸುತ್ತಿದ ಕ್ಯಾನ್ವಾಸಿನ ತುಂಡುಗಳು. ಹೊಸ ಕ್ಯಾನ್ವಾಸಿನಲ್ಲಿ ಗಂಜಿಯಿರುತ್ತದೆ, ಅದು ಎಳೆಯ ಚರ್ಮಕ್ಕೆ ಚುಚ್ಚುತ್ತದೆ ಎಂದು ಹೊರಡುವ ಮುಂಚೆ ಬಿಸಿನೀರಿನಲ್ಲಿ ಹಿಂಡಿ ತಂದಿದ್ದಳಂತೆ. ನಮ್ಮ ಮನೆಯ ಪರದೆಗೆ ನಾನು ಮಾಡಿದ ಉಪಚಾರವೇ ಅದು. ಆ ಹೊತ್ತಿನಲ್ಲಿ ಅದನ್ನು ಹೇಳಿ ನಗಿಸುವ ಧೈರ್ಯ ನನಗಿರಲಿಲ್ಲ. ಮುಬೀನಾ ಯಾರನ್ನೂ ಕೇಳದೆ ಕೋಣೆಗೆ ಹೋಗಿ ಬಾಗಿಲು ಹಾಕಿದಳು. ಲಲಿತಳನ್ನು ಮಾತ್ರ ಒಳಗೆ ಕರೆದುಕೊಂಡಳು.

ಇಲ್ಲಿಂದ ಮುಂದಿನದನ್ನು ನಾನು ಕಂಡದ್ದಲ್ಲ, ಕೇಳಿದ್ದು. ಆಸ್ಪತ್ರೆಯವರನ್ನೂ ಗಂಡನನ್ನೂ ಮಗಳನ್ನೂ ಬಿಟ್ಟರೆ ವನಜ ಆವರೆಗೆ ಯಾರಿಗೂ ತೋರಿಸಿರಲಿಲ್ಲ. ಮೊದಲು ಕೇಳಿಸಿದ್ದು ಮುಬೀನಾಳ ದನಿ, ಗದರಿಸುವಂತೆ.

"ಅಕ್ಕ, ಹಂಗೆ ಮುದುರ್ಕೊಂಡ್ರೆ ನಾನೇನು ಗೋಡೆಗೆ ಹೊಲೀಲಾ? ಕೈ ಎತ್ತಿ."

"ಪೂರ್ತಿ ಎತ್ತಕ್ಕಾಗಲ್ಲಮ್ಮ."

"ಪೂರ್ತಿ ಯಾರು ಕೇಳಿದ್ರು? ಧಾರೆಗೆ ಎಷ್ಟು ಬೇಕೋ ಅಷ್ಟು ಎತ್ತಿ ಸಾಕು."

ಲಲಿತ ಹೊರಗೆ ಬಂದು ಅಡುಗೆಮನೆಯಿಂದ ಒಂದು ಚೊಂಬು ನೀರು ತೆಗೆದುಕೊಂಡು ಹೋದಳು. ಕುಡಿಯುವುದಕ್ಕೆಂದು ನಾವು ತಿಳಿದೆವು. ಹಾಗಲ್ಲವಂತೆ. ವನಜ ಆ ಚೊಂಬನ್ನು ಎರಡು ಕೈಯಲ್ಲಿ ಹಿಡಿದು ಧಾರೆಯೆರೆಯುವ ಭಂಗಿಯಲ್ಲಿ ನಿಂತಿದ್ದಳು. ಮುಬೀನಾ ಅವಳ ಮುಂದೆ ಮೊಣಕಾಲೂರಿ, ಆ ಭಂಗಿಗೆ ಸರಿಯಾಗಿ ರವಿಕೆಯ ಬಲಪಾರ್ಶ್ವವನ್ನು ಗುರುತು ಮಾಡಿದಳು. ಕ್ಯಾನ್ವಾಸನ್ನು ಗುಂಡಗೆ ಕತ್ತರಿಸಿ, ಒಂದಕ್ಕಿಂತ ಒಂದು ಕಿರಿದಾಗುವಂತೆ ಪದರ ಪದರ ಕೂಡಿಸಿ, ಅಂಚಿನ ಎಳೆಗಳನ್ನು ಬಿಡಿಸಿ ಮೆತ್ತಗೆ ಮಾಡಿ, ಕೈಹೊಲಿಗೆ ಹಾಕಿದಳು. ಮೈಗೆ ತಾಗುವ ಕಡೆಗೆ, ಒಗೆದು ಒಗೆದು ಮೃದುವಾದ ತನ್ನ ಬಿಳಿಯ ದುಪಟ್ಟದ ತುಂಡು. ಎಡಗಡೆ ಇಟ್ಟಿದ್ದನ್ನು ಬಿಚ್ಚಿ ತೆಗೆದಳು. ಇದನ್ನೆಲ್ಲ ನನಗೆ ಹೇಳಿದವಳು ಲಲಿತ. ಅವಳು ಬಣ್ಣ ಕಟ್ಟಿ ಹೇಳುವವಳಲ್ಲ.

ಸತ್ಯನಾರಾಯಣರೂ ನಾನೂ ನಡುಮನೆಯಲ್ಲಿ ಕೂತಿದ್ದೆವು. ಮದುವೆಯ ಮನೆಯ ಗಂಡಸರು ಮಾಡಬೇಕಾದ ಕೆಲಸಗಳು ಬೇಕಾದಷ್ಟಿದ್ದವು. ಛತ್ರದಿಂದ ಅಡುಗೆಯವರ ಫೋನು ಬರುತ್ತಲೇ ಇತ್ತು. ಅವರು ಎದ್ದು ಹೋಗಲಿಲ್ಲ. ಒಳಗೆ ಸೂಜಿಯ ಕೆಲಸಕ್ಕೆ ಸದ್ದೆಲ್ಲಿಯದು? ಆದರೂ ಇಬ್ಬರೂ ಕಿವಿಗೊಟ್ಟು ಕೂತೆವು. ನಾನು ಕೇಳಬೇಕಿತ್ತು ಎಂದು ಮುಬೀನಾ ಒಳಗೆ ಹೇಳಿದ್ದು, ನಾನು ಹೇಳಬೇಕಿತ್ತು ಎಂದು ವನಜ ಉತ್ತರ ಕೊಟ್ಟದ್ದು ಒಂದು ಸಲ ಸ್ಪಷ್ಟವಾಗಿ ಕೇಳಿಸಿತು. ಸತ್ಯನಾರಾಯಣರು ತಲೆ ಎತ್ತಿ ನನ್ನನ್ನು ನೋಡಿದರು. ನಾವಿಬ್ಬರೂ ಯಾರು ಏನನ್ನು ಕೇಳಬೇಕಿತ್ತು, ಯಾರು ಏನನ್ನು ಹೇಳಬೇಕಿತ್ತು ಎಂಬುದರ ಲೆಕ್ಕಕ್ಕೆ ಹೋಗಲಿಲ್ಲ. ಹೆಂಗಸರು ಬಾಗಿಲು ಹಾಕಿಕೊಂಡು ಆಡಿ ಮುಗಿಸಿದ ಮಾತನ್ನು ನಾವು ಗಂಡಸರು ಬಾಗಿಲು ತೆರೆದಿಟ್ಟುಕೊಂಡೂ ಆಡಲಾರದೆ ಹೋದೆವು.

ಬಾಗಿಲು ತೆರೆದಾಗ ವನಜ ರವಿಕೆ ತೊಟ್ಟು ಹೊಸ ಸೀರೆಯನ್ನು ಸುಮ್ಮನೆ ಮೈಮೇಲೆ ಹಾಕಿಕೊಂಡು ನಿಂತಿದ್ದಳು. ನಾನು ಎಂದಿನಂತೆ ಪಾದ ನೋಡಲು ಹೊರಟಿದ್ದೆ.

"ನೋಡೋ" ಎಂದಳು. ನೋಡಿದೆ. ಮಂಚೇನಹಳ್ಳಿಯ ಮನೆಯಿಂದ ಮದುವೆಯಾಗಿ ಹೋದ ನನ್ನ ತಂಗಿ ನಿಂತಿದ್ದಳು, ಕೂದಲು ಮಾತ್ರ ತೆಳ್ಳಗಾಗಿತ್ತು.

ಪ್ರಭಾಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಮರುದಿನ ಬೆಳಗ್ಗೆ ಧಾರೆಯ ಹೊತ್ತಿಗೆ ನಾನು ಮಂಟಪದ ಮೇಲೆ, ಸೋದರಮಾವನಾಗಿ ಮೇಘನಾಳ ಹಿಂದೆ ನಿಂತಿದ್ದೆ. ಎಲ್ಲವೂ ನನಗೆ ಎದುರಿಗೇ ಕಾಣುತ್ತಿತ್ತು. ವನಜ ಧಾರೆಗೆ ಬಂದದ್ದು ಸೆರಗನ್ನು ಬಲಭುಜದ ಮೇಲಿಂದ ಹೊದ್ದುಕೊಂಡು. ಸೆರಗು ಸಹಜವಾಗಿ ಮರೆಮಾಡುವುದು ಎಡವನ್ನು. ಬಲವನ್ನು ಮುಚ್ಚಬೇಕಾದರೆ ಹೀಗೆ ಹೊದೆಯಬೇಕು. ಒಳಗೆ ಮುಬೀನಾಳ ಕೆಲಸವಿದ್ದರೂ ಇದೊಂದು ಹೆಚ್ಚಿನ ಭದ್ರತೆ. ಪುರೋಹಿತರು ಪದ್ಧತಿಯಂತೆ ಗಂಡನ ಶಲ್ಯದ ತುದಿಗೂ ಹೆಂಡತಿಯ ಸೆರಗಿನ ತುದಿಗೂ ಗಂಟು ಹಾಕಿದರು. ಈ ಗಂಟನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ವಾಲಗದವರು ದನಿ ಏರಿಸಿದರು. ಎಲ್ಲರೂ ಅಕ್ಷತೆ ಹಿಡಿದು ಎದ್ದು ನಿಂತರು. ಮಗಳ ಕೈಯನ್ನು ಹುಡುಗನ ಕೈಯಲ್ಲಿಟ್ಟು ಹಿಡಿಯಲು ಸತ್ಯನಾರಾಯಣರು ಮುಂದಕ್ಕೆ ಬಾಗಿದರು. ಬಾಗಿದೊಡನೆ ಶಲ್ಯ ಗಂಟನ್ನು ಎಳೆಯಿತು. ಗಂಟು ಸೆರಗನ್ನು ಎಳೆಯಿತು. ಜರಿಯ ಭಾರಕ್ಕೆ ಸೆರಗು ವನಜಳ ಬಲಭುಜದಿಂದ ಜಾರಿ ಮೊಣಕೈವರೆಗೆ ಬಂದು ನಿಂತಿತು. ಅವಳ ಎರಡು ಕೈಯೂ ಕಲಶದ ಮೇಲಿದ್ದವು. ನೀರು ಆಗಲೇ ಬೀಳತೊಡಗಿತ್ತು. ಧಾರೆ ಕಡಿಯಬಾರದು.

ಸತ್ಯನಾರಾಯಣರಿಗೆ ಶಲ್ಯ ಬಿಗಿದದ್ದು ತಿಳಿದು ಕತ್ತು ಹೊರಳಿಸಿ ನೋಡಿದರು. ಹಿಂದಕ್ಕೆ ಸರಿಯಲು ಹೊರಟರು. ವನಜ ಬೇಡವೆಂದು ಕಣ್ಣಿನಲ್ಲಿ ಹೇಳಿದಳು, ಅಷ್ಟೇ. ಲಲಿತ ಸೆರಗು ಸರಿಮಾಡಲು ಒಂದು ಹೆಜ್ಜೆ ಇಟ್ಟವಳು ಅದನ್ನು ಕಂಡು ನಿಂತಳು. ಸರಿಮಾಡಲು ಹೋದರೆ ಜನ ನೋಡುತ್ತಾರೆ. ಹಾಗಾಗಿ ನಾವು ಏನನ್ನೂ ಮಾಡದೆ ನಿಂತೆವು. ವನಜ ಇಡೀ ಛತ್ರದ ಎದುರಿಗೆ, ಆ ಬಲಪಾರ್ಶ್ವ ಬೆಳಕಿನಲ್ಲಿ ಪೂರ್ತಿ ತೆರೆದಂತೆ, ಕಲಶವನ್ನು ಎಷ್ಟು ಎತ್ತಬೇಕೋ ಅಷ್ಟು ಎತ್ತಿ, ನೀರು ಕಡಿಯದಂತೆ ಎರೆಯುತ್ತಾ ನಿಂತಳು. ರವಿಕೆ ತನ್ನ ಆಕಾರವನ್ನು ಬಿಡಲಿಲ್ಲ.

ನಾನು ಜನರ ಮುಖಗಳನ್ನು ನೋಡಿದೆ, ಒಂದೊಂದಾಗಿ. ಗಂಡಿನ ಕಡೆಯ ಹೆಂಗಸರು, ಚಿಂತಾಮಣಿಯ ಬೀದಿಯವರು, ಮಂಚೇನಹಳ್ಳಿಯಿಂದ ಬಂದ ನಮ್ಮ ನೆಂಟರು, ಮುಂದಿನ ಸಾಲಿನಲ್ಲಿ ಪ್ರಭಾ. ಎಲ್ಲರೂ ಮೇಘನಾಳ ಕೈಯನ್ನು ನೋಡುತ್ತಿದ್ದರು. ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರೊಬ್ಬರ ಕಣ್ಣೂ ವನಜಳ ಮೇಲೆ ನಿಲ್ಲಲಿಲ್ಲ. ಕಂಬದ ಪಕ್ಕದಲ್ಲಿ ನಿಂತಿದ್ದ ಮುಬೀನಾ ಒಬ್ಬಳು ಮಾತ್ರ ಮದುವೆಯನ್ನು ನೋಡದೆ ಅವಳನ್ನೇ ನೋಡುತ್ತಿದ್ದಳು. ಕೊನೆಯ ಹನಿ ಬಿದ್ದಿತು. ಅಕ್ಷತೆ ಮಳೆಯಂತೆ ಬಂತು. ನನ್ನ ಮುಷ್ಟಿಯ ಅಕ್ಷತೆ ಮುಷ್ಟಿಯಲ್ಲೇ ಉಳಿದಿತ್ತೆಂದು ಊಟಕ್ಕೆ ಕೂತಾಗ ತಿಳಿಯಿತು.

ವನಜ ಆ ವರ್ಷದ ದೀಪಾವಳಿಯವರೆಗೆ ಇದ್ದಳು. ಕಾಯಿಲೆ ಬೇರೆ ಕಡೆಯಿಂದ ಮರಳಿತು.

ಮೇಘನಾ ಈಗ ಆಗಾಗ ಮದುವೆಯ ವಿಡಿಯೊ ಹಾಕಿಕೊಂಡು ನೋಡುತ್ತಾಳಂತೆ. ನನಗೂ ತೋರಿಸಿದಳು. ಧಾರೆಯ ಭಾಗದಲ್ಲಿ ಕ್ಯಾಮೆರಾದವನು ಕೈಗಳ ಹತ್ತಿರ ಹೋಗಿದ್ದಾನೆ. ವನಜಳದ್ದು ಕಾಣುವುದು ಬಳೆ ತೊಟ್ಟ ಮುಂಗೈಗಳು ಮಾತ್ರ, ಕಲಶ, ನೀರು. ಅಮ್ಮ ಆಗ ಹೇಗೆ ನಿಂತಿದ್ದಳು ಮಾವ, ನಾನು ತಲೆ ತಗ್ಗಿಸಿದ್ದೆ, ನೋಡಲೇ ಇಲ್ಲ ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ವನಜ ಹೇಗೆ ನಿಂತಿದ್ದಳೆಂಬುದು ಯಾವ ಚಿತ್ರದಲ್ಲೂ ಇಲ್ಲ. ಗಂಟು ಹಾಕಿದ ಪುರೋಹಿತರು ಕಂಡಿದ್ದರೋ ಏನೋ, ಅವರು ಹೋದ ಯುಗಾದಿಯ ನಂತರ ತೀರಿಕೊಂಡರು. ಕಂಡವರಲ್ಲಿ ಉಳಿದಿರುವವರು ಇವರು: ಚಿಂತಾಮಣಿಯಲ್ಲಿ ಸತ್ಯನಾರಾಯಣರು, ಶಿಡ್ಲಘಟ್ಟದಲ್ಲಿ ಮುಬೀನಾ, ಗೌರಿಬಿದನೂರಿನಲ್ಲಿ ನನ್ನ ಹೆಂಡತಿ ಲಲಿತ, ಮತ್ತು ನಾನು.